ಮಕ್ಕಳ ಏಕಾಗ್ರತೆ ಮತ್ತು ಮನೆಯ ಸಂಜೆ

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗಿ, ಮೊದಲ ಕಿರುಪರೀಕ್ಷೆಯ ಅಂಕಗಳು ಮನೆಗೆ ತಲುಪುವ ಹೊತ್ತಿಗೆ ವೈದ್ಯರ ಬಳಿಗೆ ಒಂದು ಬಗೆಯ ತಂದೆತಾಯಿಗಳು ಬರತೊಡಗುತ್ತಾರೆ. ಅವರ ಮಗುವಿಗೆ ಜ್ವರವಿರುವುದಿಲ್ಲ, ಕೆಮ್ಮಿರುವುದಿಲ್ಲ. ಓದಲು ಕುಳಿತರೆ ಐದು ನಿಮಿಷ ನಿಲ್ಲುವುದಿಲ್ಲ, ಕಲಿತದ್ದು ಮರುದಿನಕ್ಕೆ ಉಳಿಯುವುದಿಲ್ಲ, ಆಯುರ್ವೇದದಲ್ಲಿ ಬುದ್ಧಿ ಚುರುಕಾಗುವ ಔಷಧವಿದೆಯಂತೆ, ಅದನ್ನು ಬರೆದುಕೊಡಬೇಕು ಎಂಬುದಷ್ಟೇ ಅವರ ಬೇಡಿಕೆ. ಎರಡನೆಯ, ಮೂರನೆಯ ತರಗತಿಯ ಮಗು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತದೆ. ಮೂವತ್ತೈದು ವರ್ಷಗಳಿಗೂ ಮಿಕ್ಕಿದ ವೃತ್ತಿಯಲ್ಲಿ ಈ ಬೇಡಿಕೆ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಈಚಿನ ವರ್ಷಗಳಲ್ಲಂತೂ ಅದು ಇಮ್ಮಡಿಸಿದಂತೆ ತೋರುತ್ತದೆ. ಶ್ರೀಮಠದ ಭಕ್ತರಲ್ಲಿಯೂ ಅನೇಕರು ಇದೇ ಚಿಂತೆಯಲ್ಲಿರುವುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕೆನಿಸಿತು.

ಔಷಧವಿಲ್ಲವೆಂದು ನಾನು ಹೇಳಲಾರೆ. ಚರಕಾಚಾರ್ಯರು ಚಿಕಿತ್ಸಾಸ್ಥಾನದ ರಸಾಯನ ಪ್ರಕರಣದಲ್ಲಿ ನಾಲ್ಕು ಮೇಧ್ಯ ರಸಾಯನಗಳನ್ನು ಹೆಸರಿಸಿದ್ದಾರೆ: ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಚೂರ್ಣ, ಅಮೃತಬಳ್ಳಿಯ ರಸ ಮತ್ತು ಶಂಖಪುಷ್ಪಿಯ ಕಲ್ಕ. ಇವುಗಳಲ್ಲಿ ಮಂಡೂಕಪರ್ಣಿ ಎಂದರೆ ನಮ್ಮ ಗದ್ದೆಯ ಬದುವಿನಲ್ಲಿ, ಬಾವಿಯ ಕಟ್ಟೆಯ ತೇವದಲ್ಲಿ ಹಬ್ಬುವ ಒಂದೆಲಗವೇ. ಮಲೆನಾಡಿನವರು ಅದರ ತಂಬುಳಿಯನ್ನು ಮಕ್ಕಳ ಊಟಕ್ಕೆ ಬಡಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಅನೇಕರು ಇದನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ವೈದ್ಯರಲ್ಲಿ ಬಹುಮಂದಿ ಬ್ರಾಹ್ಮಿ ಎಂದು ಬಳಸುವುದು ನೀರಬ್ರಾಹ್ಮಿಯೆಂಬ ಬೇರೊಂದು ಸಸ್ಯವನ್ನು. ಶಂಖಪುಷ್ಪಿಯ ಹೆಸರಿನಲ್ಲಿಯೂ ಪ್ರಾಂತದಿಂದ ಪ್ರಾಂತಕ್ಕೆ ಬೇರೆ ಬೇರೆ ಗಿಡಗಳು ಬಳಕೆಯಲ್ಲಿವೆ. ಅಂಗಡಿಯ ಬಾಟಲಿಯ ಮೇಲಿನ ಹೆಸರನ್ನು ಓದಿ ಕೊಳ್ಳುವವರಿಗೆ ಇಷ್ಟು ತಿಳಿದಿದ್ದರೆ ಒಳ್ಳೆಯದು. ಬಜೆಯನ್ನು ತೇಯ್ದು ನೆಕ್ಕಿಸುವ ರೂಢಿಯೂ ಮನೆಗಳಲ್ಲಿದೆ. ಬಜೆಯು ಶಾಸ್ತ್ರದಲ್ಲಿ ವಮನಕ್ಕೂ ಹೇಳಿರುವ ದ್ರವ್ಯ. ಬುದ್ಧಿ ಬೇಗ ಬರಲೆಂದು ಪ್ರಮಾಣವನ್ನು ಹೆಚ್ಚಿಸಿದರೆ ಮಗುವಿಗೆ ಮೊದಲು ಬರುವುದು ವಾಂತಿ. ಹೆಸರು, ಪರವಾನಿಗೆ ಸಂಖ್ಯೆ ಯಾವುದೂ ಇಲ್ಲದ ಪುಡಿಗಳನ್ನು, ಭಸ್ಮ ಬೆರೆತ ಗುಳಿಗೆಗಳನ್ನು ಜಾತ್ರೆ ಸಂತೆಗಳಲ್ಲಿ ಕೊಂಡು ಮಕ್ಕಳಿಗೆ ಕೊಡುವುದನ್ನು ಯಾವ ಕಾರಣಕ್ಕೂ ನಾನು ಒಪ್ಪುವುದಿಲ್ಲ.

ಆದರೆ ನನ್ನ ಮುಖ್ಯ ಆಕ್ಷೇಪ ಇದಲ್ಲ. ಮೇಧ್ಯ ರಸಾಯನವು ಫಲ ಕೊಡಬೇಕಾದರೆ ಅದನ್ನು ಸ್ವೀಕರಿಸುವ ದೇಹ ಮನಸ್ಸುಗಳು ಸಿದ್ಧವಾಗಿರಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ, ಬೆಳಿಗ್ಗೆ ಚಹಾದಲ್ಲಿ ಟೋಸ್ಟ್ ಅದ್ದಿ ತಿಂದು, ಶಾಲೆಯಿಂದ ಮರಳಿದೊಡನೆ ಮೊಬೈಲ್ ಹಿಡಿಯುವ ಮಗುವಿಗೆ ಎರಡು ಚಮಚ ಸಿರಪ್ ಕುಡಿಸಿದರೆ ಏನಾಗಬೇಕೆಂದು ನಾವು ನಿರೀಕ್ಷಿಸುತ್ತೇವೆ? ಮಗುವಿನ ಏಕಾಗ್ರತೆಯು ಕೆಡುವುದೂ ಬೆಳೆಯುವುದೂ ಬಹುಮಟ್ಟಿಗೆ ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗಿನ ಮನೆಯ ನಡವಳಿಕೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಮೂರು ಗಂಟೆಗಳನ್ನು ಸರಿಪಡಿಸಿದ ಬಳಿಕ ಔಷಧದ ಮಾತನ್ನು ಆಡೋಣ. ಸರಿಪಡಿಸಿದವರಲ್ಲಿ ಬಹಳಷ್ಟು ಮಂದಿ ಮತ್ತೆ ಔಷಧವನ್ನು ಕೇಳಿ ಬರುವುದೇ ಇಲ್ಲ.

ಆಯುರ್ವೇದವು ಪ್ರಜ್ಞೆಯನ್ನು ಧೀ, ಧೃತಿ, ಸ್ಮೃತಿ ಎಂದು ಮೂರಾಗಿ ವಿವೇಚಿಸುತ್ತದೆ. ಧೀ ಎಂದರೆ ತಿಳಿಯುವ ಶಕ್ತಿ, ಸ್ಮೃತಿ ಎಂದರೆ ನೆನಪಿಡುವ ಶಕ್ತಿ. ಇವೆರಡರ ನಡುವೆ ಇರುವ ಧೃತಿಯು ಹಿಡಿದು ನಿಲ್ಲಿಸುವ ಶಕ್ತಿ. ಬೇಡದ ವಿಷಯದ ಕಡೆಗೆ ಹರಿಯುವ ಮನಸ್ಸನ್ನು ತಡೆಯುವಂಥದು. ತಂದೆತಾಯಿಗಳು ನಮ್ಮಲ್ಲಿಗೆ ಬಂದು ಸ್ಮೃತಿಗೆ ಔಷಧವನ್ನು ಕೇಳುತ್ತಾರೆ. ಪರೀಕ್ಷಿಸಿ ನೋಡಿದರೆ ಹೆಚ್ಚಿನ ಮಕ್ಕಳಲ್ಲಿ ಧೀಯೂ ಸರಿಯಿರುತ್ತದೆ, ಸ್ಮೃತಿಯೂ ಸರಿಯಿರುತ್ತದೆ. ಕ್ರಿಕೆಟ್ ಆಟಗಾರರ ಹೆಸರುಗಳನ್ನೂ ಧಾರಾವಾಹಿಯ ಕಥೆಯನ್ನೂ ತಪ್ಪಿಲ್ಲದೆ ಹೇಳುವ ಮಗುವಿಗೆ ನೆನಪಿನ ಶಕ್ತಿಯಿಲ್ಲವೆಂದು ಹೇಗೆ ಹೇಳುವುದು? ಕೊರತೆಯಿರುವುದು ಧೃತಿಯಲ್ಲಿ. ಧೃತಿಯಾದರೋ ಕುಡಿಸಿದರೆ ಬರುವ ಗುಣವಲ್ಲ. ದಿನದಿನವೂ ಒಂದಿಷ್ಟು ಹೊತ್ತು ಒಂದೇ ಕಡೆ ನಿಂತು ನಿಂತು ಬಲಿಯುವಂಥದು.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠದ ನೆಪದಲ್ಲಿ ಮೊಬೈಲ್ ಪುಟ್ಟ ಮಕ್ಕಳ ಕೈಗೆ ಬಂದಿತು. ಶಾಲೆಗಳು ತೆರೆದವು, ಮೊಬೈಲ್ ಮಾತ್ರ ಕೈಯಲ್ಲಿಯೇ ಉಳಿಯಿತು. ಮೊಬೈಲಿನ ಎಲ್ಲ ಬಳಕೆಯೂ ಒಂದೇ ಎಂದು ನಾನು ತಿಳಿದಿಲ್ಲ. ಇಪ್ಪತ್ತು ನಿಮಿಷದ ಒಂದು ಕಥೆಯನ್ನು ಮನೆಯವರೊಡನೆ ಕುಳಿತು ನೋಡುವುದು ಬೇರೆ. ಅರ್ಧ ನಿಮಿಷಕ್ಕೊಂದರಂತೆ ಬೆರಳಿನಿಂದ ತಳ್ಳಿ ತಳ್ಳಿ ನೋಡುವ ರೀಲ್ಸ್ ಬೇರೆ. ಎರಡನೆಯದರಲ್ಲಿ ಒಂದು ವಿಷಯವು ಸ್ವಲ್ಪ ಬೇಸರ ತರಿಸಿದೊಡನೆ ಅದನ್ನು ಬಿಟ್ಟು ಮತ್ತೊಂದಕ್ಕೆ ಹಾರುವ ಅಭ್ಯಾಸವನ್ನು ಮಗುವಿನ ಮನಸ್ಸು ನೂರಾರು ಬಾರಿ ಮಾಡುತ್ತದೆ. ಅಂಥ ಒಂದು ಗಂಟೆಯ ಬಳಿಕ ಮಗ್ಗಿಯ ಪುಸ್ತಕವನ್ನು ಮುಂದಿಟ್ಟರೆ ಆ ಮನಸ್ಸು ಅದೇ ಅಭ್ಯಾಸವನ್ನು ಇಲ್ಲಿಯೂ ನಡೆಸುತ್ತದೆ. ಪುಸ್ತಕವನ್ನು ತಳ್ಳಲಾಗದು, ಆದ್ದರಿಂದ ಮಗು ತಾನೇ ಏಳುತ್ತದೆ, ನೀರು ಕೇಳುತ್ತದೆ, ಪೆನ್ಸಿಲ್ ಚೂಪು ಮಾಡುತ್ತದೆ. ಇದನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ.

ಇನ್ನು ನಿದ್ರೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಚರಕರು ಶರೀರವನ್ನು ಎತ್ತಿ ಹಿಡಿಯುವ ಉಪಸ್ತಂಭಗಳೆಂದರು. ಬಾಲ್ಯವು ಕಫಪ್ರಧಾನವಾದ ವಯಸ್ಸು. ಆ ವಯಸ್ಸಿಗೆ ದೊಡ್ಡವರಿಗಿಂತ ಹೆಚ್ಚು ನಿದ್ರೆ ಸಹಜವಾಗಿಯೇ ಬೇಕು. ಇಂದಿನ ವೈದ್ಯಶಾಸ್ತ್ರವೂ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕೆನ್ನುತ್ತದೆ. ಹಗಲು ಕಲಿತದ್ದು ಗಟ್ಟಿಯಾಗಿ ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯ ವೇಳೆಯಲ್ಲಿ ಎಂಬುದೂ ಈಗ ಸ್ಥಾಪಿತವಾದ ವಿಚಾರ. ಹಾಗಿರುವಾಗ ಓದಲೆಂದು ನಿದ್ರೆಯನ್ನು ಕತ್ತರಿಸುವುದು ಬೆಳೆ ಹೆಚ್ಚಲೆಂದು ಬಿತ್ತುವ ಬೀಜವನ್ನೇ ಕುಟ್ಟಿ ತಿಂದಂತೆ. ಇಲ್ಲಿ ಇನ್ನೊಂದು ವಿಷಯವನ್ನು ತಂದೆತಾಯಿಗಳು ಗಮನಿಸಬೇಕು. ನಿದ್ರೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ರೆಗೆಟ್ಟ ಮಗು ಅನೇಕ ಸಲ ತೂಕಡಿಸುವುದಿಲ್ಲ, ಬದಲಾಗಿ ಮಿತಿಮೀರಿ ಕುಣಿಯುತ್ತದೆ, ಹಟ ಮಾಡುತ್ತದೆ, ಒಂದು ಕಡೆ ನಿಲ್ಲಲಾರದು. ಅದನ್ನು ಕಂಡು ಇದಕ್ಕೆ ನಿದ್ದೆಯೇ ಬೇಡ ಎಂದುಕೊಳ್ಳುವ ಮನೆಗಳಿವೆ.

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದರೆ ವಿದ್ಯೆ ಹತ್ತುತ್ತದೆಂದು ನಂಬಿ ಏಳು ವರ್ಷದ ಮಗುವನ್ನು ನಾಲ್ಕೂವರೆಗೆ ಎಬ್ಬಿಸುವವರನ್ನೂ ನಾನು ಬಲ್ಲೆ. ವಾಗ್ಭಟರು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದದ್ದು ಸ್ವಸ್ಥನಾದವನಿಗೆ. ಹಿಂದಿನ ರಾತ್ರಿ ಎಂಟಕ್ಕೆ ಮಲಗುತ್ತಿದ್ದ ಊರುಗಳಲ್ಲಿ ಆ ಮಾತು ಸಹಜವಾಗಿ ನಡೆಯುತ್ತಿತ್ತು. ಹತ್ತೂವರೆಯ ಧಾರಾವಾಹಿ ಮುಗಿಸಿ ಮಲಗಿದ ಮಗುವಿಗೆ ಅದನ್ನು ಅನ್ವಯಿಸಿದರೆ ಶಾಸ್ತ್ರದ ಅರ್ಧವನ್ನಷ್ಟೇ ಪಾಲಿಸಿದಂತಾಗುತ್ತದೆ. ಮೊದಲು ಮಲಗುವ ವೇಳೆಯನ್ನು ಒಂಬತ್ತಕ್ಕಿಂತ ಹಿಂದಕ್ಕೆ ತನ್ನಿರಿ. ಒಂದೇ ದಿನದಲ್ಲಿ ಅದು ಸಾಧ್ಯವಾಗದು. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ಸರಿಸಿದರೆ ಒಂದು ತಿಂಗಳೊಳಗೆ ಆಗುತ್ತದೆ. ಮಲಗುವ ಮುನ್ನ ಅಂಗಾಲಿಗೆ ತುಸು ಎಣ್ಣೆ ತಿಕ್ಕುವ ಅಜ್ಜಿಯರ ಪದ್ಧತಿಯನ್ನು ಮತ್ತೆ ಆರಂಭಿಸಿರಿ. ಅದರಿಂದ ನಿದ್ರೆ ಚೆನ್ನಾಗಿ ಬರುತ್ತದೆ; ದಿನದಲ್ಲಿ ಒಮ್ಮೆಯಾದರೂ ತಾಯಿಯ ಅಥವಾ ಅಜ್ಜಿಯ ಕೈ ಮಗುವಿನ ಮೈಮೇಲೆ ಗದರಿಕೆಯಿಲ್ಲದೆ ಆಡಿದಂತೆಯೂ ಆಗುತ್ತದೆ.

ಆಹಾರದ ವಿಷಯದಲ್ಲಿ ಹೆಚ್ಚು ಬರೆಯಲಾರೆ. ಈ ಪುಟಗಳಲ್ಲಿ ಅದು ಪದೇ ಪದೇ ಬಂದಿದೆ. ಚಹಾ ಕುರಿತು ಮಾತ್ರ ಹೇಳದೆ ಬಿಡಲಾಗದು. ನಮ್ಮ ಭಾಗದ ಮನೆಗಳಲ್ಲಿ ಬೆಳಿಗ್ಗೆ ಮಕ್ಕಳಿಗೆ ಚಹಾ, ಖಾರಿ, ಬಿಸ್ಕತ್ತು ಕೊಟ್ಟು ಶಾಲೆಗೆ ಕಳುಹಿಸುವುದು ರೂಢಿಯಾಗಿದೆ. ಚಹಾವು ಊಟದೊಡನೆ ಸೇರಿದಾಗ ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಆ ಮಕ್ಕಳೇ ಮುಂದೆ ಒಂದನೆಯ ತರಗತಿಯ ಬೆಂಚಿನಲ್ಲಿ ಕೂರುವವರು. ರಕ್ತ ಕಡಿಮೆಯಿರುವ ಮಗುವಿನ ಗಮನ ಬೇಗ ಸೋಲುತ್ತದೆ, ಬೇಗ ದಣಿಯುತ್ತದೆ. ಅಂಥ ಮಗುವಿಗೆ ಬ್ರಾಹ್ಮಿಗಿಂತ ಮೊದಲು ಬೇಕಾದುದು ಕಬ್ಬಿಣ. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ, ಒಂದು ಹೋಳು ನಿಂಬೆ ಅಥವಾ ಒಂದು ಪೇರಲ ಹಣ್ಣು ಇದ್ದರೆ ಸಾಕು; ಇದಕ್ಕೆ ಪೇಟೆಯ ಡಬ್ಬಿಯ ಪುಡಿ ಬೇಕಿಲ್ಲ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು, ನಾವು ಆಯುರ್ವೇದದವರು ಎಂದು ಹೇಳಿ, ತಪ್ಪಿಸುವವರಿದ್ದಾರೆ. ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ, ಅದನ್ನು ತಪ್ಪಿಸಬೇಡಿರಿ.

ಏಕಾಗ್ರತೆಯಿಲ್ಲವೆಂದು ಹಣೆಪಟ್ಟಿ ಹಚ್ಚುವ ಮುನ್ನ ಕಣ್ಣು ಕಿವಿಗಳನ್ನು ಪರೀಕ್ಷಿಸಬೇಕು. ಮೂರನೆಯ ತರಗತಿಯ ಒಬ್ಬ ಹುಡುಗನನ್ನು, ಪಾಠದ ವೇಳೆ ಪಕ್ಕದವರೊಡನೆ ಮಾತಾಡುತ್ತಾನೆಂಬ ದೂರಿನೊಡನೆ ಕರೆತಂದಿದ್ದರು. ಅವನು ಮಾತಾಡುತ್ತಿದ್ದುದು ಗುರುಗಳು ಹೇಳಿದ್ದೇನೆಂದು ಕೇಳಿಕೊಳ್ಳಲು. ಎರಡೂ ಕಿವಿಗಳು ಮಳೆಗಾಲದುದ್ದಕ್ಕೂ ಸೋರಿ ಅವನಿಗೆ ಹಿಂದಿನ ಬೆಂಚಿನಲ್ಲಿ ಪಾಠವೇ ಕೇಳಿಸುತ್ತಿರಲಿಲ್ಲ. ಕಿವಿಗೆ ಚಿಕಿತ್ಸೆಯಾಯಿತು, ಮುಂದಿನ ಬೆಂಚಿಗೆ ಸ್ಥಳಾಂತರವಾಯಿತು, ದೂರು ನಿಂತಿತು. ಇನ್ನೊಬ್ಬ ಹುಡುಗಿ ಓದುತ್ತ ಓದುತ್ತ ಕೆಲವು ಕ್ಷಣ ದೃಷ್ಟಿ ನೆಟ್ಟು ನಿಂತುಬಿಡುತ್ತಿದ್ದಳು, ಕರೆದರೂ ಓಗೊಡುತ್ತಿರಲಿಲ್ಲ, ಮರುಕ್ಷಣ ಏನೂ ಆಗದವಳಂತೆ ಮುಂದುವರಿಯುತ್ತಿದ್ದಳು. ಹಗಲುಗನಸು ಕಾಣುತ್ತಾಳೆಂದು ಮನೆಯಲ್ಲಿ ಏಟು ಬಿದ್ದಿದ್ದವು. ಅದು ಅಪಸ್ಮಾರದ ಒಂದು ಸೌಮ್ಯರೂಪ. ನರರೋಗ ತಜ್ಞರ ಬಳಿಗೆ ಕಳುಹಿಸಿದೆ. ಚಿಕಿತ್ಸೆಯಿಂದ ಹತೋಟಿಗೆ ಬಂದಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸಿರಿ.

ಇಷ್ಟೆಲ್ಲ ಸರಿಯಿದ್ದೂ ಎಲ್ಲ ಕಡೆಗಳಲ್ಲಿಯೂ, ಆಟದಲ್ಲಿಯೂ ಊಟದಲ್ಲಿಯೂ, ತಿಂಗಳುಗಟ್ಟಲೆ ಒಂದು ಕ್ಷಣ ನಿಲ್ಲಲಾರದ ಮಕ್ಕಳಿದ್ದಾರೆ. ಅಕ್ಷರಗಳೇ ಕಣ್ಣ ಮುಂದೆ ತಲೆಕೆಳಗಾಗುವಂಥ ಕಲಿಕೆಯ ತೊಂದರೆಯುಳ್ಳವರೂ ಇದ್ದಾರೆ. ಅವರನ್ನು ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಬೇಕು. ಆ ಹೆಸರುಗಳನ್ನು ಕೇಳಿದೊಡನೆ, ನಮ್ಮ ಮಗುವಿಗೆ ಹುಚ್ಚೇ ಎಂದು ಅಳುವ ತಾಯಂದಿರಿಗೆ ನಾನು ಹೇಳುವುದಿಷ್ಟೇ: ಕಣ್ಣಿಗೆ ಕನ್ನಡಕ ಕೊಡಿಸಲು ಹೋದಾಗ ಯಾರೂ ಅಳುವುದಿಲ್ಲ.

ಈಗ ಅಭ್ಯಾಸದ ವಿಷಯಕ್ಕೆ ಬರೋಣ. ಲಿಂಗದೀಕ್ಷೆ ಪಡೆದ ಮಗುವಿಗೆ ನಮ್ಮ ಪರಂಪರೆಯೇ ಒಂದು ಮಾರ್ಗವನ್ನು ಕೊಟ್ಟಿದೆ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸುವ ಕ್ರಮದಲ್ಲಿ ಕಣ್ಣು, ಕೈ, ಉಸಿರು, ಮನಸ್ಸು ನಾಲ್ಕೂ ಒಂದೆಡೆ ಸೇರುತ್ತವೆ. ಆದರೆ ಲಿಂಗಪೂಜೆಯನ್ನು ಅಂಕಗಳಿಕೆಯ ಉಪಾಯವಾಗಿ ಮಕ್ಕಳಿಗೆ ಹೇಳಿಕೊಡುವುದು ನನಗೆ ಸಮ್ಮತವಲ್ಲ. ಪೂಜೆ ಮಾಡಿದರೆ ಪಾಸಾಗುತ್ತೀಯೆ ಎಂದು ಹೇಳಿದ ಮನೆಯಲ್ಲಿ, ಅಂಕ ಕಡಿಮೆ ಬಂದ ದಿನ ಮಗುವಿಗೆ ಪೂಜೆಯ ಮೇಲೂ ಬೇಸರ ಬರುತ್ತದೆ. ಪೂಜೆ ಪೂಜೆಗಾಗಿಯೇ ನಡೆಯಲಿ. ನೆಲೆನಿಲ್ಲುವ ಗುಣ ತಾನಾಗಿ ಬರುತ್ತದೆ. ಎಂಟು ವರ್ಷದ ಮಗು ಐದು ನಿಮಿಷ ಕುಳಿತರೆ ಅದೇ ಬಹಳ. ರೆಪ್ಪೆ ಮಿಟುಕಿಸಿತೆಂದು, ಅತ್ತಿತ್ತ ನೋಡಿತೆಂದು ಆಕ್ಷೇಪಿಸಬಾರದು. ತಂದೆ ತಾಯಿ ಪಕ್ಕದಲ್ಲಿ ಕುಳಿತು ತಾವೂ ಪೂಜಿಸಬೇಕು. ಒಳಗೆ ಮಗುವನ್ನು ಪೂಜೆಗೆ ಕೂರಿಸಿ ಹೊರಗೆ ಟಿ.ವಿ. ಹಚ್ಚುವ ಮನೆಯಲ್ಲಿ ಮಗು ಲಿಂಗವನ್ನು ನೋಡುತ್ತಿರುತ್ತದೆ, ಕಿವಿ ಧಾರಾವಾಹಿಯಲ್ಲಿರುತ್ತದೆ.

ಓದಿಗೂ ಇದೇ ಕ್ರಮ. ಒಂದು ಚಾಪೆ, ಒಂದೇ ಜಾಗ, ಒಂದೇ ವೇಳೆ. ನನ್ನ ಅನುಭವದಲ್ಲಿ ಒಂದು ಎರಡನೆಯ ತರಗತಿಯ ಮಗು ಹತ್ತು ಹದಿನೈದು ನಿಮಿಷ, ನಾಲ್ಕು ಐದನೆಯ ತರಗತಿಯ ಮಗು ಇಪ್ಪತ್ತು ಇಪ್ಪತ್ತೈದು ನಿಮಿಷ ಮನಸ್ಸಿಟ್ಟು ಓದಬಲ್ಲದು. ಆ ಬಳಿಕ ಎದ್ದು ನೀರು ಕುಡಿದು, ಅಂಗಳದಲ್ಲಿ ಒಂದು ಸುತ್ತು ಓಡಿ ಬರಲಿ. ಮೊಬೈಲ್ ಮಾತ್ರ ಆ ನಡುವೆ ಬರಬಾರದು. ಹೀಗೆ ಎರಡು ಸಲ ಕುಳಿತರೆ ಪ್ರಾಥಮಿಕ ಶಾಲೆಯ ಮಗುವಿನ ಸಂಜೆಯ ಓದು ಮುಗಿಯಿತು. ಮೊದಲ ವಾರ ಐದೇ ನಿಮಿಷದಿಂದ ತೊಡಗಿದರೂ ಸರಿ. ಮಗು ಇನ್ನೂ ಸ್ವಲ್ಪ ಓದುತ್ತೇನೆ ಎನ್ನುವಾಗ ನಿಲ್ಲಿಸುವುದು, ಸಾಕಾಗಿ ಅಳುವವರೆಗೆ ಕೂರಿಸುವುದಕ್ಕಿಂತ ಜಾಣತನ.

ಸಂಜೆ ಐದರಿಂದ ಎಂಟರವರೆಗೆ ಟ್ಯೂಷನ್ನಿನಲ್ಲಿ ಕೂರಿಸಿ ಬರುವ ಏಳು ವರ್ಷದ ಮಗುವಿಗೆ ಆಟವೂ ಇಲ್ಲ, ಹೊತ್ತಿಗೆ ಸರಿಯಾದ ಊಟವೂ ಇಲ್ಲ, ಮನೆಯ ಮಾತೂ ಇಲ್ಲ. ಈ ವಿಷಯದಲ್ಲಿ ನನ್ನ ಮಾತು ಅನೇಕರಿಗೆ ಹಿಡಿಸದೆಂದು ತಿಳಿದೂ ಬರೆಯುತ್ತೇನೆ: ನಾಲ್ಕನೆಯ ತರಗತಿಯವರೆಗೆ ಟ್ಯೂಷನ್ ಬೇಡ. ಆ ಹೊತ್ತಿನಲ್ಲಿ ಬಿಸಿಲು ಬೆಳಕಿನಲ್ಲಿ ಒಂದು ಗಂಟೆ ಆಡಿದರೆ ಕಣ್ಣಿಗೂ ಒಳ್ಳೆಯದು, ರಾತ್ರಿಯ ನಿದ್ರೆಗೂ ಒಳ್ಳೆಯದು.

ಕೈಕೆಲಸವನ್ನು ನಾವು ಓದಿಗೆ ಶತ್ರುವೆಂದು ತಿಳಿದಿದ್ದೇವೆ. ಹಗ್ಗ ಹೊಸೆಯುವುದನ್ನೇ ಕಾಯಕವಾಗಿಸಿಕೊಂಡಿದ್ದ ನುಲಿಯ ಚಂದಯ್ಯನವರ, ನೇಯ್ಗೆಯ ಜೇಡರ ದಾಸಿಮಯ್ಯನವರ ಪರಂಪರೆಯವರು ನಾವು. ಹೊಸೆಯುವಾಗ ಗಮನ ಸಡಿಲಾದರೆ ಹುರಿ ಅಲ್ಲಿಯೇ ಸಡಿಲಾಗುತ್ತದೆ. ಯಾರೂ ಬಂದು ತಪ್ಪು ತೋರಿಸಬೇಕಿಲ್ಲ. ಹೂ ಕಟ್ಟುವುದು, ಕಾಳು ಆರಿಸುವುದು, ಬತ್ತಿ ಹೊಸೆಯುವುದು, ಮಣ್ಣಿನ ಬಸವಣ್ಣ ಮಾಡುವುದು ಇವೆಲ್ಲ ಧೃತಿಯ ಪಾಠಗಳೇ. ಗಂಡುಮಕ್ಕಳಿಗೂ ಇವನ್ನು ಕಲಿಸಿರಿ.

ಕಿವಿಯ ಮೂಲಕವೂ ಏಕಾಗ್ರತೆ ಬೆಳೆಯುತ್ತದೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ದೊಡ್ಡ ಸಾಕ್ಷಿ ನಮ್ಮ ನಾಡಿನಲ್ಲಿ ಬೇರೆ ಬೇಕಿಲ್ಲ. ಪಂಚಾಕ್ಷರ ಗವಾಯಿಗಳು ಕಟ್ಟಿ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಕೇಳಿಯೇ ಕಲಿತು ಸಂಗೀತ ವಿದ್ವಾಂಸರಾದರು. ಒಂದೇ ಸ್ವರವನ್ನು ದಿನವೂ ಸಾಧಿಸುವ ಶಿಸ್ತು ಅಲ್ಲಿ ಅವರನ್ನು ಬೆಳೆಸಿತು. ನಮ್ಮ ಮನೆಗಳಲ್ಲಿ ಅಷ್ಟಾಗದು, ಆಗಬೇಕೆಂದೂ ಇಲ್ಲ. ಅಜ್ಜ ಅಜ್ಜಿಯರು ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಶರಣರ ಕಥೆ ಹೇಳಬಹುದು, ಒಂದು ವಚನವನ್ನು ರಾಗವಾಗಿ ಹೇಳಿಸಬಹುದು, ಮರುದಿನ ಮಗುವಿನಿಂದಲೇ ಆ ಕಥೆಯನ್ನು ಹೇಳಿಸಬಹುದು. ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಶಾಲೆಯ ಪಾಠ ಕಷ್ಟವಾಗುವುದಿಲ್ಲ.

ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಬೆಳೆದ ಬಡಮಕ್ಕಳು ಓದಿ ಮುಂದೆ ಬಂದುದನ್ನು ನಾವೆಲ್ಲ ಕಂಡಿದ್ದೇವೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಬೆಳಿಗ್ಗೆ ಸಂಜೆ ಒಟ್ಟಿಗೆ ಪ್ರಾರ್ಥನೆಗೆ ಕೂರುವ ದೃಶ್ಯ ನಾಡಿಗೇ ಪರಿಚಿತ. ಆ ಮಕ್ಕಳಿಗೆ ಮನೆಯ ಮಕ್ಕಳಿಗಿಂತ ಹೆಚ್ಚಿನ ಸೌಕರ್ಯವೇನೂ ಇರಲಿಲ್ಲ. ಗಂಟೆ ಬಾರಿಸಿದಾಗ ಪ್ರಾರ್ಥನೆ, ಗಂಟೆ ಬಾರಿಸಿದಾಗ ಪ್ರಸಾದ, ಗಂಟೆ ಬಾರಿಸಿದಾಗ ನಿದ್ರೆ ಇದ್ದಿತು. ಒಬ್ಬರು ಓದುವಾಗ ಎಲ್ಲರೂ ಓದುತ್ತಿದ್ದರು. ಮನೆಯಲ್ಲಿ ಗಂಟೆ ಕಟ್ಟಬೇಕಿಲ್ಲ. ಸಂಜೆ ಏಳರಿಂದ ಏಳೂವರೆಯವರೆಗೆ ಟಿ.ವಿ. ಆರಿಸಿ, ದೊಡ್ಡವರ ಮೊಬೈಲುಗಳನ್ನೂ ಜಗುಲಿಯ ಮಾಡದಲ್ಲಿಟ್ಟು, ತಂದೆ ಪತ್ರಿಕೆಯನ್ನೋ ತಾಯಿ ವಚನ ಪುಸ್ತಕವನ್ನೋ ಹಿಡಿದು ಮಗುವಿನ ಪಕ್ಕದಲ್ಲಿ ಕುಳಿತರೆ ಅರ್ಧ ಕೆಲಸವಾದಂತೆ. ಧಾರಾವಾಹಿ ಬಿಡಲಾರದ ಹಿರಿಯರಲ್ಲಿ ನನ್ನ ವಿನಂತಿ: ಮರುದಿನ ಮಧ್ಯಾಹ್ನ ಅದನ್ನೇ ಮತ್ತೆ ಹಾಕುತ್ತಾರೆ, ಆಗ ನೋಡಿರಿ. ಎಂಟಕ್ಕೆ ಊಟ, ಒಂಬತ್ತರೊಳಗೆ ಹಾಸಿಗೆ. ಕೂಲಿಗೆ ಹೋಗಿ ಎಂಟಕ್ಕೆ ಮನೆ ಸೇರುವ ತಾಯಂದಿರಿಗೆ ಈ ವೇಳಾಪಟ್ಟಿ ಒಗ್ಗದೆಂಬುದು ನನಗೆ ಗೊತ್ತು. ಅಂಥ ಮಕ್ಕಳಿಗಾಗಿ ಓಣಿಯ ಮಠದ ಪಡಸಾಲೆಯನ್ನೋ ಸಮುದಾಯ ಭವನವನ್ನೋ ದಿನಕ್ಕೆ ಒಂದು ಗಂಟೆ ತೆರೆದಿಟ್ಟು, ನಿವೃತ್ತ ಶಿಕ್ಷಕರೊಬ್ಬರು ಸರದಿಯಂತೆ ಕುಳಿತರೆ ಸಾಕು. ಪಾಠ ಹೇಳಬೇಕಿಲ್ಲ, ಬೆಳಕು ಮತ್ತು ನಿಶ್ಶಬ್ದವಿದ್ದರಾಯಿತು. ಶಿವಾನುಭವ ಗೋಷ್ಠಿಯ ಸಮಿತಿಯವರು ಈ ಬಗ್ಗೆ ಯೋಚಿಸಬೇಕೆಂದು ಕೋರುತ್ತೇನೆ.

ಆರು ವಾರ ಹೀಗೆ ನಡೆದ ಬಳಿಕವೂ ಮಗುವಿನಲ್ಲಿ ಬದಲಾವಣೆ ಕಾಣದಿದ್ದರೆ ವೈದ್ಯರ ಬಳಿಗೆ ಬನ್ನಿರಿ. ಬರುವಾಗ ಒಂದು ಹಾಳೆಯಲ್ಲಿ ಹಿಂದಿನ ವಾರ ಮಗು ದಿನವೂ ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ಬೆಳಿಗ್ಗೆ ಏನು ತಿಂದಿತು, ಎಷ್ಟು ಹೊತ್ತು ಪರದೆ ನೋಡಿತು ಎಂಬುದನ್ನು ಬರೆದು ತನ್ನಿರಿ. ಶಾಲೆಯ ಗುರುಗಳಿಂದ, ಮಗು ಯಾವ ಬೆಂಚಿನಲ್ಲಿ ಕೂರುತ್ತದೆ, ಕಪ್ಪುಹಲಗೆಯನ್ನು ನೋಡುವಾಗ ಕಣ್ಣು ಕಿರಿದು ಮಾಡುತ್ತದೆಯೇ ಎಂಬುದನ್ನು ಕೇಳಿಕೊಂಡು ಬನ್ನಿರಿ. ಮನೆಯಲ್ಲಿ ಈಗಾಗಲೇ ಕೊಡುತ್ತಿರುವ ಸಿರಪ್, ಪುಡಿ, ಗುಳಿಗೆಗಳಿದ್ದರೆ ಅವುಗಳ ಬಾಟಲಿಗಳನ್ನೂ ತನ್ನಿರಿ. ಮಗುವಿನ ಎದುರಿನಲ್ಲಿ ಅದರ ದೂರುಗಳನ್ನು ಹೇಳಬೇಡಿರಿ. ಅದನ್ನು ಹೊರಗೆ ಅಜ್ಜನೊಡನೆ ಕೂರಿಸಿ ನೀವು ಮೊದಲು ಒಳಗೆ ಬನ್ನಿರಿ.